ಕಲೆಸಿದರೂ ಕದಲದ ಲೆಕ್ಕ

ಮದುವೆಯ ಹಿಂದಿನ ರಾತ್ರಿ. ಛತ್ರದ ಒಂದು ಮೂಲೆಯಲ್ಲಿ ಜಮಖಾನ ಹಾಸಿಕೊಂಡು ರಮ್ಮಿ ಆಡುತ್ತಿದ್ದ ಹಿರಿಯರು ಕಾಫಿಗೆಂದು ಎದ್ದಿದ್ದಾರೆ. ನಿದ್ದೆ ಬಾರದ ಮಕ್ಕಳು ಅಲ್ಲೇ ಸುತ್ತುಗಟ್ಟಿವೆ. ಯಾವುದೋ ಸಂಬಂಧದ ಮಾವ ಒಬ್ಬರು ಕಟ್ಟಿನಿಂದ 21 ಎಲೆ ಎಣಿಸಿ ತೆಗೆದು, ‘ಒಂದನ್ನ ಮನಸ್ಸಲ್ಲಿ ಇಟ್ಕೊಳೋ, ಬಾಯಿಬಿಡಬೇಡ’ ಎನ್ನುತ್ತಾರೆ. ಮೂರು ಸಾಲು ಹಾಕಿ, ‘ನಿನ್ನ ಎಲೆ ಯಾವ ಸಾಲಲ್ಲಿದೆ?’ ಎಂದು ಕೇಳುತ್ತಾರೆ. ಕೂಡಿಸುತ್ತಾರೆ, ಮತ್ತೆ ಹಾಕುತ್ತಾರೆ, ಮತ್ತೆ ಕೇಳುತ್ತಾರೆ. ಮೂರನೆಯ ಸಲ ಕೂಡಿಸಿದ ಮೇಲೆ ಎಲೆಗಳನ್ನು ಒಂದೊಂದಾಗಿ ಎಳೆದು ಹಾಕುತ್ತ ಹೋಗಿ, ಒಂದರ ಮೇಲೆ ಬೆರಳಿಟ್ಟು ನಿಲ್ಲುತ್ತಾರೆ. ಮಗುಚಿ ನೋಡಿದರೆ ಹುಡುಗ ನೆನೆದ ಎಲೆಯೇ!

ಇದನ್ನು ನೋಡದವರು ಕಡಿಮೆ. ಮಾಡಿ ತೋರಿಸಬಲ್ಲವರೂ ಸಾಕಷ್ಟಿದ್ದಾರೆ. ಆದರೆ ‘ಪ್ರತಿ ಸಲ ಅವರು ಹೇಳಿದ ಸಾಲನ್ನು ನಡುವೆ ಇಡು, ಕೊನೆಗೆ ಹನ್ನೊಂದು ಎಣಿಸು’ ಎಂಬುದರಾಚೆಗೆ ಅದು ಏಕೆ ಹಾಗಾಗುತ್ತದೆ ಎಂದು ಕೇಳಿಕೊಂಡವರು ವಿರಳ. ಕೇಳಿಕೊಂಡರೆ ಮುಂದೆ ಒಂದು ದೊಡ್ಡ ಲೋಕವೇ ತೆರೆದುಕೊಳ್ಳುತ್ತದೆ.

ಎದುರಿಗೇ ಕೂತು ತೋರಿಸುವ ಜಾದೂವಿಗೆ ಕ್ಲೋಸ್‌ಅಪ್ ಮ್ಯಾಜಿಕ್ ಎನ್ನುತ್ತಾರೆ. ಅದರಲ್ಲಿ ಎರಡು ಬಗೆ. ಒಂದು ಕೈಚಳಕದ್ದು; ಅಂಗೈಯಲ್ಲಿ ಎಲೆ ಅಡಗಿಸುವುದಕ್ಕೆ, ಮೇಲಿನದನ್ನು ಕೊಡುವಂತೆ ನಟಿಸಿ ಎರಡನೆಯದನ್ನು ಜಾರಿಸುವುದಕ್ಕೆ ವರ್ಷಗಟ್ಟಲೆ ಸಾಧನೆ ಬೇಕು. ಇನ್ನೊಂದು ಲೆಕ್ಕದ್ದು. ಇಲ್ಲಿ ಬೆರಳುಗಳು ಏನನ್ನೂ ಮುಚ್ಚಿಡುವುದಿಲ್ಲ. ಈ ಎರಡನೆಯ ಬಗೆಯ ಬುಡದಲ್ಲಿರುವ ಪ್ರಶ್ನೆ ಒಂದೇ: ನೋಡುವವರು ಎಲೆಗಳನ್ನು ಏನೇ ಮಾಡಿದರೂ ಬದಲಾಗದೆ ಉಳಿಯುವುದು ಯಾವುದು?

ನಡುವಿಗೆ ಸರಿಯುವ ಎಲೆ

ಮೊದಲು 21ರ ಲೆಕ್ಕವನ್ನೇ ಬಿಡಿಸೋಣ. ಮೂರು ಸಾಲು, ಸಾಲಿಗೆ ಏಳು ಎಲೆ. ಹುಡುಗ ಸಾಲನ್ನು ತೋರಿಸಿದೊಡನೆ 21 ಅನುಮಾನಗಳು ಏಳಕ್ಕಿಳಿದವು. ಆ ಸಾಲನ್ನು ಉಳಿದೆರಡರ ನಡುವೆ ಇಟ್ಟರೆ ಆ ಏಳೂ ಎಲೆಗಳು ಕಟ್ಟಿನಲ್ಲಿ 8ರಿಂದ 14ನೆಯ ಜಾಗದೊಳಗೆ ಬಂದು ಕೂರುತ್ತವೆ.

ಮತ್ತೆ ಮೂರು ಸಾಲು ಹಾಕುವಾಗ ಆ ಏಳು ಎಲೆಗಳು ಮೂರೂ ಸಾಲುಗಳಿಗೆ ಹಂಚಿಹೋಗುತ್ತವೆ. ಯಾವ ಸಾಲಿಗೂ ಮೂರಕ್ಕಿಂತ ಹೆಚ್ಚು ಬೀಳುವುದಿಲ್ಲ. ಎರಡನೆಯ ಉತ್ತರ ಸಿಕ್ಕಿ ಆ ಸಾಲು ನಡುವೆ ಸೇರಿದಾಗ ನೆನೆದ ಎಲೆ 10, 11, 12ನೆಯ ಜಾಗಗಳಲ್ಲಿ ಒಂದರಲ್ಲಿ ಇರಲೇಬೇಕು. ಮೂರನೆಯ ಸಲ ಹಾಕಿದಾಗ ಆ ಮೂರು ಎಲೆಗಳು ಮೂರು ಸಾಲುಗಳಿಗೆ ಒಂದೊಂದಾಗಿ, ಪ್ರತಿ ಸಾಲಿನ ನಾಲ್ಕನೆಯ ಜಾಗಕ್ಕೆ ಬೀಳುತ್ತವೆ. ಅಂದರೆ ಹುಡುಗ ಮೂರನೆಯ ಸಲ ಸಾಲು ತೋರಿಸಿದ ಕ್ಷಣವೇ ಎಲೆ ಗೊತ್ತಾಯಿತು. ಆಮೇಲಿನ ಹನ್ನೊಂದರ ಎಣಿಕೆಯೆಲ್ಲ ನಾಟಕ.

ಈ ಆಟಕ್ಕೆ ವಯಸ್ಸಾಗಿದೆ. ಇಟಲಿಯ ಗಣಿತಜ್ಞ ಲುಕಾ ಪಾಚೋಲಿ 1500ರ ಆಸುಪಾಸಿನಲ್ಲಿ ಬರೆದಿಟ್ಟ ಹಸ್ತಪ್ರತಿಯಲ್ಲೇ ಇಸ್ಪೀಟಿನ ಚಮತ್ಕಾರಗಳಿವೆ. ಎಲೆಗಳನ್ನು ಮೂರು ಗುಂಪು ಮಾಡಿ ಕೇಳುವ ಈ ಬಗೆ 17ನೆಯ ಶತಮಾನದ ಆರಂಭದ ಫ್ರಾನ್ಸಿನಲ್ಲಿ ಬಾಶೆ ಬರೆದ ಗಣಿತ ವಿನೋದದ ಪುಸ್ತಕದಲ್ಲಿ ಸೇರಿತು. ಅದಕ್ಕೆ ಪೂರ್ತಿ ಗಣಿತದ ಚೌಕಟ್ಟು ಕೊಟ್ಟವನು ಫ್ರಾನ್ಸಿನವನೇ ಆದ ಜೋಸೆಫ್ ಜೆರ್ಗೊನ್. ಅದು 1813ರ ಸುಮಾರು.

ಜೆರ್ಗೊನ್ 21ರ ಬದಲು 27 ಎಲೆ ಹಿಡಿದ. 27 ಎಂದರೆ ಮೂರು ಮೂರಲ ಮೂರಲ. ಆಗ ಎಲೆಯನ್ನು ನಡುವಿಗೆ ಮಾತ್ರವಲ್ಲ, ಎದುರಿಗಿದ್ದವರು ಹೇಳಿದ ಯಾವ ಜಾಗಕ್ಕೆ ಬೇಕಾದರೂ ಕಳಿಸಬಹುದು. ‘ನಿಮಗಿಷ್ಟವಾದ ಸಂಖ್ಯೆ ಹೇಳಿ’ ಎಂದು ಕೇಳಿದಿರಿ, ಅವರು 17 ಎಂದರು ಎನ್ನಿ. ಅವರ ಎಲೆಯ ಮೇಲೆ 16 ಎಲೆ ಇರಬೇಕು. ತೋರಿಸಿದ ಗುಂಪನ್ನು ಮೇಲಿಟ್ಟರೆ 0, ನಡುವಿಟ್ಟರೆ 1, ಕೆಳಗಿಟ್ಟರೆ 2. ಮೊದಲ ಸುತ್ತಿನ ಅಂಕಿಗೆ ಒಂದರ ಬೆಲೆ, ಎರಡನೆಯದಕ್ಕೆ ಮೂರರ ಬೆಲೆ, ಮೂರನೆಯದಕ್ಕೆ ಒಂಬತ್ತರ ಬೆಲೆ. 16 ಎಂದರೆ 1, ಎರಡು ಮೂರಲ 6, ಮತ್ತು 9. ಹಾಗಾಗಿ ಮೊದಲು ನಡುವೆ, ಆಮೇಲೆ ಕೆಳಗೆ, ಕೊನೆಗೆ ನಡುವೆ. ಹದಿನೇಳನೆಯ ಎಲೆ ಮಗುಚಿದರೆ ಅದೇ.

ಇದನ್ನು ಮಾಡುವಾಗ ಒಂದು ಎಚ್ಚರ ಬೇಕು. ಕವುಚಿ ಹಿಡಿದ ಕಟ್ಟಿನಿಂದ ಎಲೆಗಳನ್ನು ಅಂಗಾತ ಹಾಕಬೇಕು. ಕೂಡಿಸುವಾಗ ಗುಂಪುಗಳನ್ನು ಮತ್ತೆ ಕವುಚಬೇಕು. ‘ಮೇಲೆ’, ‘ಕೆಳಗೆ’ ಎಂಬುದೆಲ್ಲ ಕವುಚಿದ ಕಟ್ಟಿಗೆ ಸೇರಿದ ಮಾತು. ಹೊಸದಾಗಿ ಕಲಿಯುವವರ ಕೈಯಲ್ಲಿ ಆಟ ಕೆಡುವುದು ಹೆಚ್ಚಾಗಿ ಇಲ್ಲೇ.

ಕಲೆಸಿದರೂ ಜೋಡಿ ತಪ್ಪದು

‘ಇದೆಲ್ಲ ಎಣಿಕೆಯ ಆಟ. ನಾನು ಎಲೆ ಕಲೆಸಿ ಕೊಡುತ್ತೇನೆ, ಆಗ ಮಾಡಿ ನೋಡೋಣ’ ಎಂದು ಯಾರಾದರೂ ಸವಾಲು ಹಾಕಿದರೆ? ಅದಕ್ಕೂ ಉತ್ತರವಿದೆ. ಅಮೆರಿಕದ ನಾರ್ಮನ್ ಗಿಲ್‌ಬ್ರೆತ್ ಎಂಬ ಗಣಿತದ ವಿದ್ಯಾರ್ಥಿ 1958ರಲ್ಲಿ ‘ದಿ ಲಿಂಕಿಂಗ್ ರಿಂಗ್’ ಎಂಬ ಜಾದೂಗಾರರ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದ.

ಕಟ್ಟನ್ನು ಮೊದಲೇ ಕೆಂಪು, ಕಪ್ಪು, ಕೆಂಪು, ಕಪ್ಪು ಎಂದು ಒಂದರ ನಂತರ ಒಂದು ಬರುವಂತೆ ಜೋಡಿಸಿಟ್ಟುಕೊಳ್ಳಬೇಕು. ಎದುರಿನವರು ಮೇಲಿನಿಂದ ಒಂದೊಂದೇ ಎಲೆಯನ್ನು ಮೇಜಿನ ಮೇಲೆ ಒಂದರ ಮೇಲೊಂದು ಹಾಕುತ್ತ ಹೋಗಿ, ಸುಮಾರು ಅರ್ಧವಾದಾಗ ತಮಗೆ ಬೇಕೆನಿಸಿದಲ್ಲಿ ನಿಲ್ಲಿಸುತ್ತಾರೆ. ಆಮೇಲೆ ಆ ಗುಂಪನ್ನೂ ಕೈಯಲ್ಲಿ ಉಳಿದದ್ದನ್ನೂ ಅಂಚು ಎತ್ತಿ ಹಿಡಿದು ‘ಟರ್ರ್’ ಎಂದು ಒಂದರೊಳಗೊಂದು ಬೀಳಿಸಿ ಕಲೆಸುತ್ತಾರೆ. ಕಲೆಸಿದ್ದು ಅವರೇ. ಜಾದೂಗಾರ ಕಟ್ಟನ್ನು ಮೇಜಿನ ಕೆಳಗೆ ಹಿಡಿದು, ‘ಬೆರಳಲ್ಲೇ ಬಣ್ಣ ಗೊತ್ತಾಗುತ್ತದೆ’ ಎಂದು ಹೇಳಿ, ಎರಡೆರಡೇ ಎಲೆ ತೆಗೆದು ಹಾಕುತ್ತಾನೆ. ಪ್ರತಿ ಜೋಡಿಯಲ್ಲೂ ಒಂದು ಕೆಂಪು, ಒಂದು ಕಪ್ಪು!

ಅವನು ಮಾಡಿದ್ದು ಏನೂ ಇಲ್ಲ. ಮೇಲಿನಿಂದ ಎರಡೆರಡು ಎಲೆ ತೆಗೆದನಷ್ಟೇ. ಕಾರಣ ಹೀಗಿದೆ. ಎಲೆಗಳನ್ನು ಒಂದೊಂದಾಗಿ ಮೇಜಿಗೆ ಹಾಕಿದಾಗ ಆ ಗುಂಪಿನ ಕ್ರಮ ತಲೆಕೆಳಗಾಯಿತು. ಹಾಗಾಗಿ ಎರಡೂ ಗುಂಪುಗಳ ತಳದ ಎಲೆಗಳು ಬೇರೆ ಬೇರೆ ಬಣ್ಣದವು. ಕಲೆಸುವಾಗ ಮೊದಲು ಒಂದು ಗುಂಪಿನಿಂದ ಕೆಂಪು ಬಿತ್ತು ಎನ್ನಿ. ಅದರ ಹಿಂದೆಯೇ ಇದ್ದದ್ದು ಕಪ್ಪು. ಇನ್ನೊಂದು ಗುಂಪಿನ ತಳದಲ್ಲಿರುವುದೂ ಕಪ್ಪು. ಮುಂದಿನ ಎಲೆ ಯಾವ ಕೈಯಿಂದ ಬಿದ್ದರೂ ಅದು ಕಪ್ಪೇ. ಒಂದು ಜೋಡಿ ಪೂರ್ತಿಯಾದ ಮೇಲೆ ಎರಡೂ ತಳಗಳು ಮತ್ತೆ ಬೇರೆ ಬೇರೆ ಬಣ್ಣದವಾಗುತ್ತವೆ. ಕೊನೆಯ ಎಲೆಯವರೆಗೂ ಇದೇ ಕತೆ.

ಒಂದು ಸಲ ಕಲೆಸಿದರೆ ಎಲ್ಲ ಅಡ್ಡಾದಿಡ್ಡಿಯಾಯಿತು ಎಂಬ ನಮ್ಮ ನಂಬಿಕೆಯೇ ಇಲ್ಲಿ ಜಾದೂಗಾರನ ಬಂಡವಾಳ. 52 ಎಲೆಗಳನ್ನು ಜೋಡಿಸಬಹುದಾದ ಕ್ರಮಗಳ ಸಂಖ್ಯೆ 68 ಅಂಕಿಗಳಷ್ಟು ಉದ್ದ. ಒಂದು ಸಲದ ಕಲೆಸುವಿಕೆ ಅದರ ಒಂದು ಸಣ್ಣ ಮೂಲೆಯನ್ನೂ ಮುಟ್ಟುವುದಿಲ್ಲ. ಕಟ್ಟು ಚೆನ್ನಾಗಿ ಬೆರೆಯಲು ಇಂಥ ಕಲೆಸುವಿಕೆ ಏಳು ಸಲವಾದರೂ ಬೇಕು ಎಂದು ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ 1992ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿದರು.

ಎಂಟು ಎಲೆ, ಮೂರು ಜನ, ಒಂದು ಸೂತ್ರ

ಈಗ ಓದುಗರು ಇವತ್ತೇ ಕಲಿತು ಮಾಡಬಹುದಾದ ಒಂದು ಆಟ. ಇದಕ್ಕೆ ಬೇಕಾದ ಗಣಿತ ಕನ್ನಡ ಶಾಲೆಯಲ್ಲಿ ಓದಿದವರ ಬಾಯಲ್ಲಿ ಆಗಲೇ ಇದೆ.

ಹೈಸ್ಕೂಲಿನ ಛಂದಸ್ಸಿನ ಪಾಠ ನೆನಪಿಸಿಕೊಳ್ಳಿ. ಉತ್ಪಲಮಾಲೆಯೋ ಚಂಪಕಮಾಲೆಯೋ, ಪದ್ಯದ ಸಾಲಿಗೆ ಪ್ರಸ್ತಾರ ಹಾಕಿ, ಮೂರು ಮೂರು ಅಕ್ಷರಕ್ಕೆ ಗೆರೆ ಎಳೆದು ಗಣ ಹೆಸರಿಸಬೇಕಿತ್ತು. ಲಘು, ಗುರು ಎಂಬ ಎರಡೇ ಬಗೆಯ ಅಕ್ಷರಗಳಿಂದ ಮೂರಕ್ಷರದ ಗಣಗಳು ಎಂಟೇ ಆಗಲು ಸಾಧ್ಯ. ಆ ಎಂಟನ್ನೂ ನೆನಪಿಡಲು ಮೇಷ್ಟ್ರು ಹೇಳಿಕೊಟ್ಟದ್ದು ‘ಯಮಾತಾರಾಜಭಾನಸಲಗಂ’.

ಈ ಸೂತ್ರ ಕೆಲಸ ಮಾಡುವ ರೀತಿ ಜಾಣತನದ್ದು. ಯಗಣ ಬೇಕೇ? ‘ಯ’ದಿಂದ ಮೂರಕ್ಷರ ಓದಿ: ಯಮಾತಾ, ಲಘು-ಗುರು-ಗುರು. ಜಗಣ ಬೇಕೇ? ಜಭಾನ, ಲಘು-ಗುರು-ಲಘು. ಎಂಟು ಗಣಗಳಿಗೆ ಮೂರರಂತೆ 24 ಅಕ್ಷರ ಬೇಕಿದ್ದ ಕಡೆ, ಒಂದರ ಬಾಲ ಇನ್ನೊಂದರ ತಲೆಯಾಗುವಂತೆ ಹೆಣೆದು ಹತ್ತರಲ್ಲೇ ಮುಗಿಸಲಾಗಿದೆ. ಕೊನೆಯ ‘ಲಗಂ’ ಲಘು-ಗುರು. ಮೊದಲ ‘ಯಮಾ’ ಕೂಡ ಲಘು-ಗುರುವೇ. ಕೊನೆಯ ಎರಡನ್ನು ಮೊದಲ ಎರಡರ ಮೇಲೆ ಕೂರಿಸಿದರೆ ಎಂಟೇ ಅಕ್ಷರಗಳ ಒಂದು ಹಾರವಾಗುತ್ತದೆ. ಹಾರಕ್ಕೆ ಮೊದಲು, ಕೊನೆ ಎಂಬುದಿಲ್ಲ. ಎಲ್ಲಿ ಹಿಡಿದರೂ ಹೂಗಳ ಸರದಿ ಅದೇ.

ಇಸ್ಪೀಟಿನಲ್ಲಿ ಆ ಗುಣ ಇರುವುದು ಕಟ್ ಮಾಡುವುದಕ್ಕೆ. ಮೇಲಿನ ಒಂದಷ್ಟನ್ನು ಎತ್ತಿ ಕೆಳಗೆ ಹಾಕಿದರೆ ಮೊದಲ ಎಲೆ ಬದಲಾಗುತ್ತದೆ, ಸುತ್ತುವ ಸರದಿ ಬದಲಾಗುವುದಿಲ್ಲ. ಹತ್ತು ಸಲ ಕಟ್ ಮಾಡಿದರೂ ಅಷ್ಟೇ.

ಲಘುವಿಗೆ ಕಪ್ಪು, ಗುರುವಿಗೆ ಕೆಂಪು ಎಂದಿಟ್ಟುಕೊಂಡು ಮೇಲಿನಿಂದ ಕೆಳಗೆ ಹೀಗೆ ಜೋಡಿಸಿ: ಇಸ್ಪೀಟ್ ಎಕ್ಕ, ಆಟೀನ್ ಎರಡು, ಡೈಮಂಡ್ ಮೂರು, ಆಟೀನ್ ನಾಲ್ಕು, ಕ್ಲಾವರ್ ಐದು, ಡೈಮಂಡ್ ಆರು, ಇಸ್ಪೀಟ್ ಏಳು, ಕ್ಲಾವರ್ ಎಂಟು. ಬಣ್ಣಗಳನ್ನಷ್ಟೇ ಓದಿಕೊಂಡರೆ ಯ, ಮಾ, ತಾ, ರಾ, ಜ, ಭಾ, ನ, ಸ.

ಎಲೆಗಳನ್ನು ಕವುಚಿ ಮೂವರ ಮುಂದಿಡಿ. ಒಬ್ಬೊಬ್ಬರೂ ಮನಸ್ಸು ಬಂದಷ್ಟು ಸಲ ಕಟ್ ಮಾಡಲಿ. ಆಮೇಲೆ ಮೊದಲನೆಯವರು ಮೇಲಿನ ಎಲೆ, ಎರಡನೆಯವರು ಅದರ ಕೆಳಗಿನದು, ಮೂರನೆಯವರು ಇನ್ನೂ ಕೆಳಗಿನದು ತೆಗೆದುಕೊಂಡು ತಾವಷ್ಟೇ ನೋಡಿಕೊಳ್ಳಲಿ. ನೀವು ಹಣೆ ಉಜ್ಜಿಕೊಂಡು, ‘ಮೂರೂ ಒಟ್ಟಿಗೆ ಬಂದು ಕಲಸುಮೇಲೋಗರ ಆಗ್ತಿದೆ, ಕೆಂಪು ಎಲೆ ಇರೋರು ಸ್ವಲ್ಪ ಕೈ ಎತ್ತಿ’ ಎನ್ನಿ.

ನಡುವಿನವರು ಮಾತ್ರ ಕೈ ಎತ್ತಿದರು ಎಂದಿಟ್ಟುಕೊಳ್ಳಿ. ಲಘು-ಗುರು-ಲಘು, ಜಗಣ. ‘ಜ’ ಐದನೆಯ ಅಕ್ಷರ. ಹಾಗಾದರೆ ಮೂವರ ಕೈಯಲ್ಲಿರುವುದು ಕ್ಲಾವರ್ ಐದು, ಡೈಮಂಡ್ ಆರು, ಇಸ್ಪೀಟ್ ಏಳು. ಯಾರೂ ಕೈ ಎತ್ತದಿದ್ದರೆ ನಗಣ: ಏಳು, ಎಂಟು, ಎಕ್ಕ. ಮೂವರೂ ಎತ್ತಿದರೆ ಮಗಣ: ಎರಡು, ಮೂರು, ನಾಲ್ಕು. ಕೈಗಳು ಎದ್ದೇಳಬಹುದಾದ ಬಗೆ ಎಂಟು. ಕಟ್ ನಿಲ್ಲಬಹುದಾದ ಜಾಗಗಳೂ ಎಂಟು. ಒಂದಕ್ಕೊಂದು ಸರಿಹೊಂದುವುದರಿಂದ ತಪ್ಪಲು ದಾರಿಯೇ ಇಲ್ಲ.

ಛಂದಸ್ಸಿನಿಂದ ಡಿಎನ್‌ಎವರೆಗೆ

ಇಂಥ ಹೆಣಿಗೆಗೆ ಗಣಿತದಲ್ಲಿ ಡಿ ಬ್ರಾಯ್ನ್ ಸರಣಿ ಎಂಬ ಹೆಸರು. ನೆದರ್ಲೆಂಡ್ಸಿನ ಗಣಿತಜ್ಞ ಎನ್. ಜಿ. ಡಿ ಬ್ರಾಯ್ನ್ 1946ರಲ್ಲಿ ಇವುಗಳ ಲೆಕ್ಕ ಹಾಕಿದರು. ಫ್ರಾನ್ಸಿನ ಫ್ಲೈ ಸೇಂಟ್-ಮಾರಿ 1894ರಲ್ಲೇ ಅದನ್ನು ಎಣಿಸಿದ್ದು ಬಹಳ ಕಾಲದ ಮೇಲೆ ಬೆಳಕಿಗೆ ಬಂದಾಗ, ಮೊದಲಿಗನೆಂಬ ಮಾನ ಅವನದೆಂದು 1975ರಲ್ಲಿ ಡಿ ಬ್ರಾಯ್ನ್ ತಾವೇ ಬರೆದರು.

ಆ ಎಣಿಕೆಯ ಪ್ರಕಾರ ಎಂಟು ಎಲೆಗಳನ್ನು ಹಾರದಂತೆ ಜೋಡಿಸಿ ಮೂರು ಮೂರರ ಎಲ್ಲ ಬಗೆಗಳೂ ಒಂದೊಂದೇ ಸಲ ಬರುವಂತೆ ಮಾಡಲು ಎರಡೇ ದಾರಿ. ಒಂದು ನಮ್ಮ ಸೂತ್ರದ್ದು. ಇನ್ನೊಂದು ಅದನ್ನೇ ಹಿಂದುಮುಂದಾಗಿ ಓದಿದ್ದು. ಲಘು-ಗುರುಗಳ ಎಲ್ಲ ಜೋಡಣೆಗಳನ್ನು ಸಾಲಾಗಿ ಬರೆದು ನೋಡುವ ಅಭ್ಯಾಸ ಪಿಂಗಳನ ಛಂದಃಶಾಸ್ತ್ರದಷ್ಟು ಹಳೆಯದು. ಕನ್ನಡದಲ್ಲಿ ಹತ್ತನೆಯ ಶತಮಾನದ ಕೊನೆಗೆ ನಾಗವರ್ಮ ‘ಛಂದೋಂಬುಧಿ’ ಬರೆದ. ಪದ್ಯ ಕಟ್ಟುವವರಿಗೆ ಬೇಕಾಗಿದ್ದ ಲೆಕ್ಕವೇ ಜಾದೂ ಮಾಡುವವರಿಗೂ ಬೇಕಾಯಿತು. 2014ರ ಫೀಲ್ಡ್ಸ್ ಪದಕ ಪಡೆದ ಮಂಜುಲ್ ಭಾರ್ಗವ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾದೂವಿನ ಗಣಿತದ ಮೇಲೆ ತರಗತಿ ನಡೆಸಿದವರು. ಛಂದಸ್ಸಿನ ಗಣಿತದ ಬಗ್ಗೆಯೂ ಅವರು ಮತ್ತೆ ಮತ್ತೆ ಮಾತಾಡಿದ್ದಾರೆ.

ಇದೇ ಆಟದ ದೊಡ್ಡ ರೂಪವನ್ನು ಪರ್ಸಿ ಡಯಾಕೊನಿಸ್ ಮತ್ತು ರಾನ್ ಗ್ರಹಾಮ್ ತಮ್ಮ ‘ಮ್ಯಾಜಿಕಲ್ ಮ್ಯಾಥಮ್ಯಾಟಿಕ್ಸ್’ ಪುಸ್ತಕದಲ್ಲಿ ವಿವರಿಸಿದ್ದಾರೆ: 32 ಎಲೆ, ಐದು ಜನ. ಡಯಾಕೊನಿಸ್ 14ನೆಯ ವಯಸ್ಸಿನಲ್ಲಿ ಮನೆಬಿಟ್ಟು ಡಾಯ್ ವರ್ನನ್ ಎಂಬ ಪ್ರಸಿದ್ಧ ಜಾದೂಗಾರನ ಹಿಂದೆ ಊರೂರು ಅಲೆದವರು. ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಅವರ ವಿದ್ಯೆ ಆಟಕ್ಕಷ್ಟೇ ಮುಗಿಯಲಿಲ್ಲ. ಕ್ಯಾಸಿನೊಗಳಿಗೆ ಎಲೆ ಕಲೆಸುವ ಯಂತ್ರ ಮಾಡುವ ಕಂಪನಿಯೊಂದು ತನ್ನ ಯಂತ್ರವನ್ನು ಪರೀಕ್ಷಿಸಲು ಡಯಾಕೊನಿಸ್ ಅವರನ್ನು ಕರೆಸಿತು. ಚೆನ್ನಾಗಿ ಬೆರೆತ ಕಟ್ಟಿನಲ್ಲಿ, ಎಲೆಗಳು ಒಂದೊಂದಾಗಿ ತೆರೆದುಕೊಳ್ಳುವಾಗ ಮುಂದಿನದನ್ನು ಊಹಿಸುತ್ತ ಹೋದರೆ ಸರಾಸರಿ ನಾಲ್ಕೂವರೆ ಊಹೆ ಸರಿಯಾಗುತ್ತವೆ. ಆ ಯಂತ್ರ ಕಲೆಸಿದ ಕಟ್ಟಿನಲ್ಲಿ ಒಂಬತ್ತೂವರೆ ಸರಿಯಾಗುತ್ತವೆ ಎಂದು ಅವರು ಮತ್ತು ಜೊತೆಗಾರರು ತೋರಿಸಿದರು. ಕಲೆಸಿದ ಮೇಲೂ ಏನೋ ಉಳಿದಿತ್ತು. ಅದು ದುಡ್ಡು ಕಟ್ಟಿ ಆಡುವವರಿಗೆ ಸಿಕ್ಕಿದ್ದರೆ ಕ್ಯಾಸಿನೊ ಮುಳುಗುತ್ತಿತ್ತು.

ಇನ್ನೊಂದು ಉಪಯೋಗ ಪ್ರಯೋಗಾಲಯದಲ್ಲಿದೆ. ಡಿಎನ್‌ಎಯನ್ನು ಓದುವ ಯಂತ್ರಗಳು ಉದ್ದನೆಯ ಎಳೆಯನ್ನು ಒಂದೇ ಉಸಿರಿಗೆ ಓದುವುದಿಲ್ಲ; ಸಣ್ಣ ಸಣ್ಣ ತುಣುಕುಗಳಾಗಿ ಕೊಡುತ್ತವೆ. ಒಂದು ತುಣುಕಿನ ಬಾಲ ಇನ್ನೊಂದರ ತಲೆಗೆ ಹೊಂದುವುದನ್ನು ನೋಡಿ ಪೂರ್ತಿ ಎಳೆಯನ್ನು ಮರಳಿ ಕಟ್ಟಬೇಕು. ಅದಕ್ಕೆ ಬಳಸುವ ಒಂದು ಮುಖ್ಯ ವಿಧಾನ ಡಿ ಬ್ರಾಯ್ನ್ ಅವರ ಹೆಸರಿನ ನಕ್ಷೆಗಳದ್ದು.

ಕಲಿಯುವವರು ಗಮನಿಸಬೇಕಾದ್ದು

ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿಯವರ ಪ್ರತಿಭೆ ಮೊದಲು ಕಣ್ಣಿಗೆ ಬಿದ್ದದ್ದು ಇಸ್ಪೀಟಿನ ಜಾದೂವಿನಲ್ಲೇ. ಸರ್ಕಸ್ಸಿನಲ್ಲಿದ್ದ ತಂದೆ ಮೂರು ವರ್ಷದ ಮಗಳಿಗೆ ಎಲೆಯಾಟ ಕಲಿಸಲು ಹೋದಾಗ ಅವಳ ನೆನಪಿನ ಶಕ್ತಿ ಗೊತ್ತಾಯಿತು. ಅಂಥ ನೆನಪು ಎಲ್ಲರಿಗೂ ಬರುವುದಿಲ್ಲ. ಲೆಕ್ಕದ ಜಾದೂ ಇರುವುದು ಉಳಿದ ನಮ್ಮಂಥವರಿಗಾಗಿ. ನೆನಪು ಮಾಡಬೇಕಾದ ಕೆಲಸವನ್ನು ಇಲ್ಲಿ ಜೋಡಣೆ ಮಾಡುತ್ತದೆ.

ಹಾಗೆಂದು ಗುಟ್ಟು ತಿಳಿದರೆ ಜಾದೂ ಬಂದಂತಲ್ಲ. ಲೆಕ್ಕ ಹಾಕುತ್ತಿದ್ದೀರೆಂದು ಮುಖದಲ್ಲಿ ಗೊತ್ತಾದರೆ ಆಟ ಮುಗಿಯಿತು. ಎಂಟು ಎಲೆಯ ಆಟದಲ್ಲಿ ಗಣ ಗುರುತಿಸಲು ಒಂದೆರಡು ಕ್ಷಣ ಬೇಕು. ಅಷ್ಟರಲ್ಲಿ ಒಂದು ಮಾತು ತೇಲಿಬಿಡಬೇಕು. ಹೇಳುವಾಗಲೂ ಮೂರೂ ಎಲೆಗಳನ್ನು ಪಟಪಟನೆ ಒಪ್ಪಿಸದೆ, ಒಬ್ಬರದನ್ನು ಥಟ್ಟನೆ, ಇನ್ನೊಬ್ಬರದನ್ನು ಮೊದಲು ಬಣ್ಣ ಆಮೇಲೆ ಅಂಕಿ ಎಂದು ಬಿಡಿಸಿ ಹೇಳಿದರೆ ಮನಸ್ಸು ಓದಿದಂತೆ ಕಾಣುತ್ತದೆ.

ಕೈ ಎತ್ತಿಸುವುದನ್ನು ಸಹಾಯ ಬೇಡಿದಂತೆ ತೋರಿಸುವುದೂ ಇದೇ ಕಾರಣಕ್ಕೆ. ಕೆಂಪು ಯಾರ ಬಳಿ ಇದೆ ಎಂದಷ್ಟೇ ತಾವು ಹೇಳಿದ್ದು ಎಂದು ಪ್ರೇಕ್ಷಕರು ಅಂದುಕೊಳ್ಳುತ್ತಾರೆ. ಮೂರು ಹೌದು-ಅಲ್ಲಗಳು ಸೇರಿದರೆ ಎಂಟರಲ್ಲಿ ಒಂದನ್ನು ಆರಿಸಲು ಸಾಕು ಎಂಬುದು ಆ ಹೊತ್ತಿಗೆ ಯಾರ ತಲೆಗೂ ಹೋಗುವುದಿಲ್ಲ.

ಕಟ್ ಮಾಡಲು ಬಿಡಿ, ಕಲೆಸಲು ಬಿಡಬೇಡಿ. ಅಂಕಿಗಳು ಒಂದರಿಂದ ಎಂಟರವರೆಗೆ ಸಾಲಾಗಿರುವ ಕಟ್ಟು ಅಭ್ಯಾಸಕ್ಕೆ ಮಾತ್ರ. ಕೈ ಪಳಗಿದ ಮೇಲೆ ರಾಜ, ರಾಣಿ, ಒಂಬತ್ತು ಎಂದು ಬೇರೆ ಎಲೆಗಳನ್ನು ಅದೇ ಬಣ್ಣದ ಕ್ರಮದಲ್ಲಿ ಇಟ್ಟುಕೊಳ್ಳಿ. ‘ಇನ್ನೊಂದ್ಸಲ ಮಾಡಿ’ ಎಂದರೆ ಅದೇ ಗುಂಪಿಗೆ ಅದನ್ನೇ ಮಾಡಬೇಡಿ, 27 ಎಲೆಯ ಆಟಕ್ಕೆ ಹೊರಳಿ. ಎರಡನೆಯ ಸಲ ನೋಡುವವರು ಕೈಯನ್ನು ಬಿಟ್ಟು ಕ್ರಮವನ್ನು ಗಮನಿಸತೊಡಗುತ್ತಾರೆ.

ಬೇರೆಯವರ ಜಾದೂ ನೋಡುವಾಗಲೂ ಇದೇ ಗಮನ ಇರಲಿ. ‘ಅವನು ಏನು ಮಾಡಿದ?’ ಎನ್ನುವುದಕ್ಕಿಂತ ‘ನನಗೆ ಏನನ್ನು ಮಾಡಲು ಬಿಡಲಿಲ್ಲ?’ ಎಂಬ ಪ್ರಶ್ನೆ ಗುಟ್ಟಿಗೆ ಹೆಚ್ಚು ಹತ್ತಿರ.

ಕೊನೆಗೊಂದು ಭಾನುವಾರದ ಕೆಲಸ. ನಾಲ್ಕು ಜನಕ್ಕೆ ಇದೇ ಆಟ ಆಡಲು 16 ಎಲೆ ಬೇಕು. ಅದಕ್ಕೆ ಸರಿಹೊಂದುವ ಹಾರಗಳು 16 ಇವೆ. ಒಂದನ್ನು ಕಟ್ಟುವ ಸುಲಭ ದಾರಿ ಹೀಗೆ: ಮೊದಲು ನಾಲ್ಕು ಕಪ್ಪು ಇಡಿ. ಮುಂದೆ ಪ್ರತಿ ಸಲವೂ ಕೆಂಪೇ ಇಡಿ. ಕೆಂಪಿಟ್ಟರೆ ಹಿಂದೆ ಬಂದ ನಾಲ್ಕರ ಸಾಲೇ ಮರುಕಳಿಸುತ್ತದೆ ಎಂದಾದರೆ ಮಾತ್ರ ಕಪ್ಪಿಡಿ. 16 ಎಲೆ ಆದಾಗ ನಿಲ್ಲಿಸಿ. ನಾಲ್ಕು ಕಪ್ಪು, ನಾಲ್ಕು ಕೆಂಪು, ಕಪ್ಪು, ಎರಡು ಕೆಂಪು, ಎರಡು ಕಪ್ಪು, ಕೆಂಪು, ಕಪ್ಪು, ಕೆಂಪು ಎಂದು ಬಂದಿದ್ದರೆ ನೀವು ಗೆದ್ದಿರಿ. ಇನ್ನುಳಿದದ್ದು ಅದನ್ನು ಬಾಯಿಪಾಠ ಮಾಡಲು ಒಂದು ಸೂತ್ರ. ಲಘು ಯಾವುದು, ಗುರು ಯಾವುದು ಎಂದು ಶಾಲೆಯಲ್ಲಿ ಕಲಿತಾಗಿದೆ. ಹದಿನಾರು ಅಕ್ಷರದ ಸಾಲೊಂದನ್ನು ನೀವೇ ಕಟ್ಟಿಕೊಳ್ಳಿ.